ಅಕ್ಕನ ಲ್ಯಾಪ್‌ಟಾಪು, ಫ್ಯೂಸಮ್ಮನ ಸಿಟ್ಟು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಮುರಿದ ಮಂಚಗಳ ಗುಡ್ಡೆಗೂ ನಡುವೆ, ‘ಉಪಕರಣ ದುರಸ್ತಿ ವಿಭಾಗ’ ಅಂತ ಒಂದು ಬೋರ್ಡಿದೆ. ಅದರ ಕೆಳಗೆ ಇಪ್ಪತ್ತೆರಡು ವರ್ಷದಿಂದ ಕೂತಿರುವ ಹೆಂಗಸಿಗೆ ಮೇಲಿನ ಐದೂ ಮಹಡಿಯವರು ಇಟ್ಟ ಹೆಸರು ಫ್ಯೂಸಮ್ಮ. ಯಾವ ಯಂತ್ರ ತಂದುಕೊಟ್ಟರೂ ಮೊದಲು ಫ್ಯೂಸು ಬಿಚ್ಚಿ ನೋಡುತ್ತಾಳೆ, ಅದಕ್ಕೇ ಆ ಹೆಸರು ಅಂತ ಎದುರಿಗೆ ಹೇಳುತ್ತಾರೆ. ಯಂತ್ರದ್ದಕ್ಕಿಂತ ಮೊದಲು ಅವಳ ಫ್ಯೂಸೇ ಹಾರುತ್ತದೆ, ಅದಕ್ಕೆ ಅಂತ ಬೆನ್ನ ಹಿಂದೆ. ಎರಡೂ ನಿಜ.

ಅವಳನ್ನು ಸಿಟ್ಟಿಗೆಬ್ಬಿಸಲು ಹೆಚ್ಚು ಕಷ್ಟಪಡಬೇಕಾಗಿಲ್ಲ. "ಏನೂ ಮಾಡಿಲ್ಲ ಮೇಡಂ, ತಾನಾಗೇ ನಿಂತುಹೋಯ್ತು" ಅಂದರೆ ಸಾಕು. ರಕ್ತದೊತ್ತಡ ನೋಡುವ ಯಂತ್ರದ ಹೊಟ್ಟೆಯಿಂದ ಅರ್ಧ ಲೋಟ ಟೀ ಸುರಿಯುತ್ತಿರುತ್ತದೆ; ತಂದವನು ಮಾತ್ರ ಹುಟ್ಟಿದಾಗಿನಿಂದ ಟೀಯ ಮುಖವನ್ನೇ ನೋಡದವನ ಹಾಗೆ ನಿಂತಿರುತ್ತಾನೆ. "ಯಂತ್ರಕ್ಕೆ ಬಾಯಿಲ್ಲ, ನಿಮಗಿದೆ. ಏನು ಮಾಡಿದ್ರಿ ಅಂತ ಹೇಳಿದ್ರೆ ಹತ್ತು ನಿಮಿಷದ ಕೆಲಸ, ಮುಚ್ಚಿಟ್ರೆ ಎರಡು ದಿನ" ಅಂತ ಅವಳು ಕೂಗುವುದು ಪಕ್ಕದ ಒಗೆಯುವ ಯಂತ್ರಗಳ ಸದ್ದನ್ನೂ ಮೀರಿ ಕೇಳಿಸುತ್ತದೆ.

ಈ ಸಿಟ್ಟು ಹುಟ್ಟುಗುಣ ಅಂತ ಎಲ್ಲರೂ ತಿಳಿದಿದ್ದರು. ಅರ್ಧ ಹುಟ್ಟುಗುಣ. ಇನ್ನರ್ಧ ಎಂಟು ವರ್ಷದ ಹಿಂದಿನದು. ಮೂರನೇ ಮಹಡಿಯಲ್ಲಿ, ಔಷಧಿಯನ್ನು ಹನಿಹನಿಯಾಗಿ ನರಕ್ಕೆ ತಳ್ಳುವ ಒಂದು ಪಂಪು ಯಾರದೋ ಕೈಜಾರಿ ನೆಲಕ್ಕೆ ಬಿತ್ತು. ಬೀಳಿಸಿದವರು ಎತ್ತಿ, ಒರೆಸಿ, ಇದ್ದ ಜಾಗದಲ್ಲೇ ಇಟ್ಟು ಮನೆಗೆ ಹೋದರು. ಮಾರನೇ ದಿನ ರೋಗಿಗೆ ಹಚ್ಚಿದಾಗ ಅದು ನಡುವೆಯೇ ನಿಂತಿತು. ರೋಗಿಗೆ ಏನೂ ಆಗಲಿಲ್ಲ, ಆದರೆ ವಿಚಾರಣೆ ನಡೆಯಿತು. ಪಂಪಿನ ಮೂಲೆಯಲ್ಲಿದ್ದ ಬಿರುಕನ್ನು ಫ್ಯೂಸಮ್ಮ ಬೆರಳಿಟ್ಟು ತೋರಿಸಿದಳು. "ನೀವೇ ಬೀಳಿಸಿರಬಹುದಲ್ಲ?" ಅಂತ ಮೇಜಿನ ಆಚೆಯಿಂದ ಒಬ್ಬರು ಕೇಳಿದರು. ವಾರ್ಡಿನವರು ಸಾಲಾಗಿ ನಿಂತು, ಏನೂ ಮಾಡಿಲ್ಲ, ತಾನಾಗೇ ನಿಂತಿತು ಅಂದರು. ಅವಳ ಕಡತದಲ್ಲಿ ‘ನಿರ್ವಹಣೆಯಲ್ಲಿ ನಿರ್ಲಕ್ಷ್ಯ’ ಎಂಬ ಒಂದು ಹಾಳೆ ಸೇರಿತು. ಆ ಹಾಳೆ ಇವತ್ತಿಗೂ ಅಲ್ಲೇ ಇದೆ. ಅಂದಿನಿಂದ ಅವಳು ಪ್ರತಿ ಯಂತ್ರಕ್ಕೂ ಕೆಟ್ಟ ಕಾರಣ, ಕೆಟ್ಟ ಹೊತ್ತು ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ, ಮತ್ತು ಯಾರ ಮಾತನ್ನೂ ನಂಬುವುದಿಲ್ಲ.

ಒಂದು ಭಾನುವಾರ ಬೆಳಗ್ಗೆ ಅವಳ ಭಾವ, ಅಂದರೆ ಅಕ್ಕನ ಗಂಡ, ಫೋನು ಮಾಡಿದ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದ ಮನುಷ್ಯ. ಬಾಯಲ್ಲಿ ಏನನ್ನೋ ಇಟ್ಟುಕೊಂಡಂತೆ ಮಾತಾಡುತ್ತಿದ್ದ.

"ತಾಯಿ, ನಿಮ್ಮಕ್ಕನ ಲ್ಯಾಪ್‌ಟಾಪು ಹೋಯ್ತು. ಅದೇನೋ ಅಪ್‌ಡೇಟ್ ಅಂತೆ. ಸುತ್ತುತ್ತೆ, ಆಫ್ ಆಗುತ್ತೆ, ಮತ್ತೆ ಆನ್ ಆಗುತ್ತೆ, ಮತ್ತೆ ಸುತ್ತುತ್ತೆ. ಕೆಳಗಿನ ಮೊಬೈಲ್ ಅಂಗಡಿಯವನು ಫಾರ್ಮ್ಯಾಟ್ ಹೊಡಿಬೇಕು, ಒಳಗಿರೋದೆಲ್ಲ ಹೋಗುತ್ತೆ ಅಂದ. ಬೇಡ ಅಂತ ವಾಪಸು ತಂದೆ."

"ಏನು ಮಾಡಿದ್ರಿ ಅದಕ್ಕೆ?"

"ಏನೂ ಮಾಡಿಲ್ಲ."

ಫ್ಯೂಸಮ್ಮ ಕಣ್ಣು ಮುಚ್ಚಿಕೊಂಡಳು. ವಾರಕ್ಕೊಂದು ರಜೆ. ಆ ರಜೆಯಲ್ಲೂ ಅದೇ ಮಾತು.

ಅವಳು ಚೀಲಕ್ಕೆ ಸ್ಕ್ರೂಡ್ರೈವರು, ಪೆನ್‌ಡ್ರೈವು, ಹೊರಗಿನಿಂದ ಸಿಕ್ಕಿಸುವ ಒಂದು ಹಾರ್ಡ್‌ಡಿಸ್ಕು ತುಂಬುತ್ತಿದ್ದಾಗ ಗಂಡ ಬ್ರೆಡ್ಡಿನ ತಟ್ಟೆ ಮುಂದೆ ತಳ್ಳಿದ. "ತಿಂದು ಹೋಗು. ಹಸಿದ ಹೊಟ್ಟೆಲಿ ಹೋದ್ರೆ ಅಲ್ಲಿ ಯಾರನ್ನಾದ್ರೂ ತಿಂದುಬಿಡ್ತೀಯ." ಅವಳು ತಿನ್ನದೆ ಹೊರಟಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ಭಾವನ ಹಳೇ ಪಾಪಗಳನ್ನೆಲ್ಲ ಒಂದೊಂದಾಗಿ ಎಣಿಸಿದಳು. ನೀರು ಕಾಯಿಸುವ ಗೀಜರನ್ನು ನೀರಿಲ್ಲದೆ ಹಚ್ಚಿದ್ದು. ಇಸ್ತ್ರಿಪೆಟ್ಟಿಗೆಯ ವೈರನ್ನು ಕತ್ತರಿಯಲ್ಲಿ ಕತ್ತರಿಸಿ ‘ಉದ್ದ ಜಾಸ್ತಿಯಿತ್ತು’ ಅಂದಿದ್ದು. ಟೀವಿಯ ಹಿಂಬದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದು. ಅಕ್ಕನ ಮನೆ ಬರುವ ಹೊತ್ತಿಗೆ ಭಾವನ ಮೇಲೆ ತೀರ್ಪು ಬರೆದು, ಸಹಿ ಹಾಕಿ, ಮೊಹರು ಒತ್ತಿ ಮುಗಿಸಿದ್ದಳು.

ಮನೆ ಎರಡನೇ ಮಹಡಿಯಲ್ಲಿ. ಅಕ್ಕ ಬಾಗಿಲು ತೆರೆದಳು. ಐವತ್ತೆಂಟು ವರ್ಷದ ಸಮಾಧಾನದ ಮುಖ. ಮೂವತ್ತು ವರ್ಷ ಟೆಲಿಫೋನ್ ಕಚೇರಿಯ ವಿಚಾರಣೆ ವಿಭಾಗದಲ್ಲಿ, ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಲೈನು ಕೆಟ್ಟವರೆಲ್ಲರ ಬೈಗುಳ ಕೇಳಿ "ದಯವಿಟ್ಟು ಕಾಯಿರಿ" ಅಂದವಳು. ಅವಳ ಬಾಯಿಂದ ಒಂದು ಏರುದನಿ ಬಂದದ್ದನ್ನು ತಂಗಿಯೂ ಕೇಳಿರಲಿಲ್ಲ, ಗಂಡನೂ ಕೇಳಿರಲಿಲ್ಲ. ಕೆಲಸ ಬಿಟ್ಟ ಮೇಲೆ, ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಸುವ ಒಂದು ಸಂಸ್ಥೆಗೆ ಅವಳು ಪಠ್ಯಪುಸ್ತಕ ಓದಿಕೊಡಲು ಶುರುಮಾಡಿದ್ದಳು. ಒಂಬತ್ತು ವರ್ಷದಿಂದ ಓದುತ್ತಲೇ ಇದ್ದಳು. ಹಿಂದಿನ ಚಿಕ್ಕ ಕೋಣೆಯ ಕಿಟಕಿಗೆ ಹಾಸಿಗೆ ಒರಗಿಸಿ, ಸದ್ದಾಗುತ್ತದೆಂದು ಫ್ಯಾನು ಆರಿಸಿ, ಬೆವರು ಸುರಿಸುತ್ತ ಮೈಕಿನ ಮುಂದೆ ಕೂರುತ್ತಿದ್ದಳು. ರೆಕಾರ್ಡೆಲ್ಲ ಆ ಲ್ಯಾಪ್‌ಟಾಪಿನಲ್ಲೇ. ಈಗ ನಡೆಯುತ್ತಿದ್ದದ್ದು ರಸಾಯನಶಾಸ್ತ್ರ. ಹದಿನೈದು ಪಾಠದಲ್ಲಿ ಹನ್ನೊಂದು ಮುಗಿದಿತ್ತು. ಕೇಳುವ ಮಕ್ಕಳಿಗೆ ಪರೀಕ್ಷೆ ಹತ್ತಿರವಿತ್ತು.

"ಇನ್ನೊಂದು ಕಡೆ ಕಾಪಿ ಇಟ್ಟಿದ್ದೀಯಾ?" ಫ್ಯೂಸಮ್ಮ ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಎಂಟು ಪಾಠದವರೆಗೆ ಕಳಿಸಿದ್ದೀನಿ. ಉಳಿದದ್ದು ಅದರೊಳಗೇ."

"ಹೋದ ಸಲ ಹೇಳಿದ್ದೆನೋ ಇಲ್ಲವೋ? ಬಾಯಿ ನೋಯೋ ಹಾಗೆ ಹೇಳಿದ್ದೆನೋ ಇಲ್ಲವೋ?"

ಭಾವ ಒಳಗಿನಿಂದ ಬಂದ. ಬಲಗೆನ್ನೆ ಗುಂಡಗೆ ಊದಿತ್ತು. ಶುಕ್ರವಾರ ದವಡೆ ಹಲ್ಲು ಕೀಳಿಸಿಕೊಂಡಿದ್ದನಂತೆ. "ಎರಡೂವರೆಗೆ ಕೂರಿಸಿದವರು ಐದು ಗಂಟೆವರೆಗೂ ಬಾಯಿ ಮುಚ್ಚೋಕೆ ಬಿಡಲಿಲ್ಲ. ಬೇರು ಮುರಿದು ಒಳಗೇ ಉಳಿದಿತ್ತು" ಅಂತ ಶುರುಮಾಡಿದ. ಅವಳಿಗೆ ಆ ಕತೆ ಬೇಕಿರಲಿಲ್ಲ.

ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಿತ್ತು. ಕಪ್ಪು ಪರದೆಯ ಮೇಲೆ ಚುಕ್ಕಿಗಳ ಬಳೆ ಸುತ್ತುತ್ತಿತ್ತು. ಸ್ವಲ್ಪ ಹೊತ್ತಿಗೆ ‘ಅಪ್‌ಡೇಟ್ ಪೂರ್ತಿಯಾಗಲಿಲ್ಲ, ಹಿಂದಿನ ಸ್ಥಿತಿಗೆ ತರುತ್ತಿದ್ದೇವೆ, ಕಂಪ್ಯೂಟರ್ ಆಫ್ ಮಾಡಬೇಡಿ’ ಅಂತ ಬಂತು. ಆಮೇಲೆ ತಾನೇ ಆಫ್ ಆಗಿ, ತಾನೇ ಆನ್ ಆಗಿ, ಮತ್ತೆ ಬಳೆ.

"ಇದು ಅಪ್‌ಡೇಟ್ ಆಗ್ತಿರುವಾಗ ಯಾರೋ ಗುಂಡಿ ಒತ್ತಿ ಹಿಡಿದು ಸಾಯಿಸಿದ್ದಾರೆ" ಅಂದಳು ಫ್ಯೂಸಮ್ಮ. "ಅರ್ಧ ಹೊಸದು ಒಳಗೆ ಹೋಗಿದೆ, ಅರ್ಧ ಹಳೇದು ಕೂತಿದೆ. ಈಗ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಯಾರು ಒತ್ತಿದ್ದು?"

"ಏನೂ ಮಾಡಿಲ್ಲ ಕಣಮ್ಮ ನಾನು" ಅಂದ ಭಾವ, ಊದಿದ ಕೆನ್ನೆಯ ಸಂದಿನಿಂದ.

ಅಷ್ಟೇ ಸಾಕಾಯಿತು.

"ಏನೂ ಮಾಡಿಲ್ಲ! ಗೀಜರಿಗೂ ಏನೂ ಮಾಡಿರಲಿಲ್ಲ. ಇಸ್ತ್ರಿಪೆಟ್ಟಿಗೆಗೂ ಏನೂ ಮಾಡಿರಲಿಲ್ಲ. ನಿಮ್ಮ ಕೈ ತಗುಲಿದ್ದೆಲ್ಲ ತಾನಾಗೇ ಸಾಯುತ್ತೆ, ಅಲ್ವಾ ಭಾವ? ಆಫ್ ಮಾಡಬೇಡಿ ಅಂತ ಇಷ್ಟು ದಪ್ಪಕ್ಷರದಲ್ಲಿ ಬರೆದಿದೆ. ಮೂವತ್ತೈದು ವರ್ಷ ವಿಳಾಸ ಓದಿದ ಕಣ್ಣಿಗೆ ಅದು ಕಾಣಲಿಲ್ವಾ? ಅವಳು ಬೆವರು ಸುರಿಸಿ ಓದಿದ್ದು ಹಾಳಾಗ್ತಿದೆ, ನಿಮಗೆ ಒಂದು ನಿಜ ಹೇಳೋಕೂ ಬಾಯಿ ಬರಲ್ಲ! ಒತ್ತಿದ್ರೆ ಒತ್ತಿದೆ ಅನ್ನಿ. ನಾನೇನು ನಿಮ್ಮನ್ನ ಜೈಲಿಗೆ ಹಾಕಿಸ್ತೀನಾ?"

ಕೆಳಗಿನ ಮನೆಯಲ್ಲಿ ಯಾರೋ ಕಿಟಕಿ ಮುಚ್ಚಿದರು. ಭಾವ ಒಮ್ಮೆ ಅಕ್ಕನ ಮುಖ ನೋಡಿದ. ಅಕ್ಕ ಏನೋ ಹೇಳಲು ಬಾಯಿ ತೆರೆದವಳು ತಂಗಿಯ ಅಬ್ಬರಕ್ಕೆ ಮುಚ್ಚಿಕೊಂಡಳು.

"ಸರಿ ಬಿಡು. ನಾನೇ ಒತ್ತಿರಬೇಕು" ಅಂದ ಭಾವ. ಕೆನ್ನೆ ಹಿಡಿದುಕೊಂಡು ಹೋಗಿ ಕುರ್ಚಿಯಲ್ಲಿ ಕೂತ.

"ಹಾಗನ್ನಿ ಮತ್ತೆ" ಅಂದಳು ಫ್ಯೂಸಮ್ಮ. ಎಂಟು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬನ ಬಾಯಿಂದ ಒಪ್ಪಿಗೆ ಬಂದಿತ್ತು. ಎದೆ ಹಗುರಾಯಿತು.

ಕೆಲಸ ಶುರುವಾಯಿತು. ಆನ್ ಆಗುವಾಗಲೇ ಮೂರು ಸಲ ಆರಿಸಿದರೆ ಕಂಪ್ಯೂಟರು ತಾನೇ ದುರಸ್ತಿಯ ಪುಟ ತೋರಿಸುತ್ತದೆ. ಅವಳು ಹಾಗೇ ಮಾಡಿದಳು. ನೀಲಿ ಪರದೆ ಬಂತು. ಆದರೆ ಅದು ಒಳಗೆ ಬಿಡುವ ಮೊದಲು ನಲವತ್ತೆಂಟು ಅಂಕೆಗಳ ಒಂದು ಸಂಖ್ಯೆ ಕೇಳಿತು. ಕಳ್ಳರ ಕೈಗೆ ಸಿಕ್ಕರೂ ಒಳಗಿರುವುದನ್ನು ಓದಲಾಗದಿರಲಿ ಅಂತ ಡಿಸ್ಕಿಗೆ ಮೊದಲೇ ಬಿದ್ದಿದ್ದ ಬೀಗ ಅದು. ಬೀಗ ಬಿದ್ದಿರುವುದು ಮನೆಯವರಿಗೇ ಗೊತ್ತಿರಲಿಲ್ಲ.

"ಥೂ!" ಅಂದಳು. "ಕಳ್ಳ ಬರಲಿಲ್ಲ, ಮನೆಯವರೇ ಹೊರಗೆ ಬಿದ್ದರು. ಇದರ ಕೀಲಿ ನಿನ್ನ ಅಕೌಂಟಿನಲ್ಲಿರುತ್ತೆ ಅಕ್ಕ. ನನ್ನ ಫೋನಿನಲ್ಲಿ ತೆಗೀತೀನಿ. ಪಾಸ್‌ವರ್ಡ್ ಹೇಳು."

"ಕೊಡು, ನಾನೇ ಒತ್ತುತ್ತೀನಿ."

ಅಕ್ಕ ಕನ್ನಡಕವಿಲ್ಲದೆ ಒತ್ತಿದಳು. ತಪ್ಪಾಯಿತು. ಕನ್ನಡಕ ಹಾಕಿಕೊಂಡು ಒತ್ತಿದಳು. ಮತ್ತೆ ತಪ್ಪಾಯಿತು. ಇನ್ನೊಂದೆರಡು ಸಲ ತಪ್ಪಿದರೆ ಅಕೌಂಟೇ ಬಾಗಿಲು ಹಾಕಿಕೊಳ್ಳುವ ಸಂಭವವಿತ್ತು.

"ಹೇಳೇ! ನಿನ್ನ ಪಾಸ್‌ವರ್ಡ್ ಕದ್ದು ನಾನು ರಸಾಯನಶಾಸ್ತ್ರ ಓದಬೇಕಾ?"

ಅಕ್ಕ ಗೋಡೆ ಕಡೆ ನೋಡುತ್ತ ಇಂಗ್ಲಿಷ್ ಅಕ್ಷರಗಳನ್ನು ಹೇಳಿದಳು. "ಎಸ್. ಎರಡು ಎ. ಕೆ. ಮತ್ತೆ ಎರಡು ಎ. ಜಿ. ಐ. ಡಿ. ಇ."

ಫ್ಯೂಸಮ್ಮ ಒತ್ತಿ, ಕೂಡಿಸಿ ಓದಿದಳು. "ಸಾಕಾಗಿದೆ?"

"ಮುಂದೆ ಒಂದು, ಎರಡು, ಮೂರು" ಅಂದಳು ಅಕ್ಕ.

ಕುರ್ಚಿಯಿಂದ ಭಾವ ಫಕ್ಕನೆ ನಕ್ಕು, ಹಲ್ಲು ನೋವಿಗೆ ‘ಹಾ’ ಅಂದ. ಫ್ಯೂಸಮ್ಮನಿಗೆ ಅದರ ಬಗ್ಗೆ ಯೋಚಿಸಲು ಪುರಸೊತ್ತಿರಲಿಲ್ಲ. ಬಾಗಿಲು ತೆರೆದಿತ್ತು, ಅಂಕೆಗಳು ಬಂದಿದ್ದವು. ಆರಾರು ಅಂಕೆಯ ಎಂಟು ಗುಂಪು.

"ಭಾವ, ಬನ್ನಿ. ನೀವು ಓದಿ, ನಾನು ಒತ್ತುತ್ತೀನಿ. ಅಷ್ಟಾದರೂ ಮಾಡಿ."

ಭಾವ ಊದಿದ ಬಾಯಲ್ಲಿ ಓದಿದ. ಏಳು ಎಂಟಾಗಿ ಕೇಳಿಸಿತು, ಎಂಟು ಒಂದಾಯಿತು. ಮೂರು ಗುಂಪಾಗುವಷ್ಟರಲ್ಲಿ ಯಂತ್ರ ‘ತಪ್ಪು’ ಅಂದಿತು. ಫ್ಯೂಸಮ್ಮ ಕೀಬೋರ್ಡನ್ನು ಬಿಟ್ಟು ಮೇಜಿಗೆ ಗುದ್ದಿದಳು. "ಅಂಕೆ ಓದೋಕೂ ಬರಲ್ವಾ?"

ಅಕ್ಕ ಫೋನು ಎತ್ತಿಕೊಂಡಳು. ಗಂಟಲು ಸರಿಮಾಡಿಕೊಂಡು ಓದತೊಡಗಿದಳು. ಒಂದೊಂದು ಅಂಕೆಯೂ ನೆಲದ ಮೇಲೆ ಬೇರೆ ಬೇರೆಯಾಗಿ ಇಟ್ಟ ಲೋಟದಂತೆ ಕೇಳಿಸಿತು. ಗುಂಪು ಮುಗಿದಾಗ ಸರಿಯಾಗಿ ಒಂದು ಉಸಿರಿನಷ್ಟು ನಿಲ್ಲುತ್ತಿದ್ದಳು. ಫ್ಯೂಸಮ್ಮ ಅಕ್ಕನ ಓದನ್ನು ಎದುರು ಕೂತು ಕೇಳಿದ್ದು ಅದೇ ಮೊದಲು. ಒಂದು ಅಂಕೆಯೂ ತಪ್ಪಲಿಲ್ಲ. ಬೀಗ ತೆರೆಯಿತು.

ಮೊದಲು ಮಾಡಿದ ಕೆಲಸ ಅಕ್ಕನ ರೆಕಾರ್ಡುಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿದ್ದು. ದುರಸ್ತಿ ಏನಾದರೂ ಆಗಲಿ, ಮನೆಗೆ ಬೆಂಕಿ ಬಿದ್ದಾಗ ಮೊದಲು ಮಕ್ಕಳನ್ನು ಹೊರಗೆ ತರಬೇಕು ಅನ್ನುವುದು ಅವಳ ಕಸುಬಿನ ನಿಯಮ. ಒಂದು ಗಂಟೆ ಹಿಡಿಯಿತು. ಆಮೇಲೆ ಹೊಸ ಅಪ್‌ಡೇಟನ್ನು ಕಿತ್ತುಹಾಕಲು ನೋಡಿದಳು, ಆಗುವುದಿಲ್ಲ ಅಂದಿತು. ತಾನೇ ಸರಿಮಾಡಿಕೋ ಅಂದಳು. ಇಪ್ಪತ್ತು ನಿಮಿಷ ಯೋಚಿಸಿ, ‘ಸರಿಮಾಡಲಾಗಲಿಲ್ಲ’ ಅಂದಿತು. "ಹಾಗಾದ್ರೆ ಇಷ್ಟು ಹೊತ್ತು ಏನು ಮಾಡ್ತಿದ್ದೆ, ಕಾಲು ನೀಡಿಕೊಂಡು?" ಅಂತ ಪರದೆಗೇ ಬೈದಳು. ಕೊನೆಗೆ ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು, ಅರ್ಧಕ್ಕೆ ನಿಂತ ಕೆಲಸಗಳನ್ನೆಲ್ಲ ರದ್ದು ಮಾಡುವ ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಬರೆದಳು. ಮಧ್ಯಾಹ್ನ ಮೂರೂವರೆಗೆ ಶುರುವಾದ ಕೊನೆಯ ಸುತ್ತು ನಾಲ್ಕೂಕಾಲಿಗೆ ಮುಗಿಯಿತು. ಪರದೆಯ ಮೇಲೆ ಅಕ್ಕನ ಹಳೇ ಚಿತ್ರ ಬಂತು, ಫೈಲುಗಳು ಬಂದವು, ಹನ್ನೊಂದು ಪಾಠವೂ ಇದ್ದವು.

"ಬಂತು" ಅಂದಳು ಫ್ಯೂಸಮ್ಮ. ಭಾವ ಚಪ್ಪಾಳೆ ತಟ್ಟಿದ. ಅಕ್ಕ ಟೀ ಮಾಡುತ್ತೇನೆ ಅಂತ ಎದ್ದು ಹೋದಳು; ಮುಖದಲ್ಲಿ ಹೇಳಿಕೊಳ್ಳುವಂಥ ಸಂತೋಷವೇನೂ ಇರಲಿಲ್ಲ.

ಫ್ಯೂಸಮ್ಮ ನೋಟ್‌ಬುಕ್ಕು ತೆಗೆದಳು. ಕೆಟ್ಟ ಕಾರಣ, ಕೆಟ್ಟ ಹೊತ್ತು. ಕಂಪ್ಯೂಟರು ತನ್ನ ಮೇಲೆ ನಡೆದದ್ದನ್ನೆಲ್ಲ ಒಳಗೊಂದು ದಿನಚರಿಯಲ್ಲಿ ಬರೆದಿಟ್ಟಿರುತ್ತದೆ. ಅದನ್ನು ತೆರೆದು ಕೆಳಗೆ ಕೆಳಗೆ ಹೋದಳು. ಇವತ್ತು ತಾನೇ ಆರಿಸಿದ್ದನ್ನು ಬಿಟ್ಟರೆ, ‘ಅನಿರೀಕ್ಷಿತವಾಗಿ ಬಂದ್ ಆಗಿದೆ’ ಅಂತ ಮೂರು ಸಾಲು ಸಿಕ್ಕವು. ಶುಕ್ರವಾರ. ಮಧ್ಯಾಹ್ನ ಮೂರು ಹತ್ತು. ಮೂರು ಹದಿನಾಲ್ಕು. ಮೂರು ಹತ್ತೊಂಬತ್ತು.

ಬರೆಯುತ್ತಿದ್ದ ಪೆನ್ನು ನಿಂತಿತು. ಶುಕ್ರವಾರ ಎರಡೂವರೆಯಿಂದ ಐದರವರೆಗೆ ಭಾವ ಬಾಯಿ ತೆರೆದುಕೊಂಡು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿದ್ದ.

ಅವಳು ನಿಧಾನವಾಗಿ ತಲೆಯೆತ್ತಿದಳು. ಭಾವ ಒದ್ದೆ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಏನೂ ಮಾಡಿರಲಿಲ್ಲ ಆ ಮನುಷ್ಯ. ನಿಜ ಹೇಳಿದ್ದ. ನಿಜ ಹೇಳಿದವನ ಬಾಯಿಂದ ಅವಳು ಸುಳ್ಳು ಒಪ್ಪಿಗೆ ಕಕ್ಕಿಸಿದ್ದಳು, ಅದು ಬಂದ ಮೇಲೆ ಎದೆ ಹಗುರ ಮಾಡಿಕೊಂಡಿದ್ದಳು. ‘ನೀವೇ ಬೀಳಿಸಿರಬಹುದಲ್ಲ?’ ಅಂತ ಮೇಜಿನ ಆಚೆಯಿಂದ ಕೇಳಿದವರ ಮುಖ ಅವಳಿಗೆ ಎಂಟು ವರ್ಷದಿಂದ ಕನಸಲ್ಲೂ ಬರುತ್ತಿತ್ತು. ಇವತ್ತು ಬೆಳಗ್ಗೆ ಆ ಕುರ್ಚಿಯಲ್ಲಿ ತಾನೇ ಕೂತಿದ್ದಳು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅಂತ ಅವಳ ಅಮ್ಮ ಅವಳಿಗೆಂದೇ ದಿನಕ್ಕೊಂದು ಸಲ ಹೇಳುತ್ತಿದ್ದಳು.

"ಭಾವ" ಅಂದಳು. ನೋಟ್‌ಬುಕ್ಕು ಮುಚ್ಚಿದಳು. "ನೀವಲ್ಲ ಒತ್ತಿದ್ದು. ನನ್ನದು ತಪ್ಪಾಯ್ತು."

"ಏನಂದೆ?"

"ತಪ್ಪಾಯ್ತು ಅಂದೆ. ಇನ್ನೆಷ್ಟು ಸಲ ಹೇಳಿಸ್ತೀರಿ?"

"ಇಲ್ಲ, ನಿನ್ನ ಬಾಯಿಂದ ಇದೇ ಮೊದಲು. ತಾರೀಖು ಬರೆದಿಟ್ಟುಕೊಳ್ಳೋಣ ಅಂತ."

"ಒಪ್ಪಿಕೊಂಡಿದ್ದು ಯಾಕೆ ಮತ್ತೆ?"

ಭಾವ ಹಿಂದಕ್ಕೆ ತಿರುಗಿ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಮೂರು ಲೋಟ ಹಿಡಿದು ನಿಂತಿದ್ದಳು. ಲೋಟಗಳನ್ನು ಮೇಜಿನ ಮೇಲಿಟ್ಟಳು. ಒಂದರಿಂದ ಟೀ ತುಳುಕಿತು, ಒರೆಸಲಿಲ್ಲ.

"ನಾನೇ ಒತ್ತಿದ್ದು" ಅಂದಳು. "ಮೂರು ಸಲ."

"ನೀನಾ?"

"ಹೌದು, ನಾನೇ. ಶುಕ್ರವಾರ ಎಂಟನೇ ಪಾಠ ಮತ್ತೆ ಓದಬೇಕಿತ್ತು. ಕಾರ್ಯದರ್ಶಿ ವಾಪಸು ಕಳಿಸಿದ್ದ." ಸಂಸ್ಥೆಯ ಕಾರ್ಯದರ್ಶಿಯನ್ನು ಅಕ್ಕ ಏಕವಚನದಲ್ಲಿ ಕರೆದದ್ದನ್ನು ಇಬ್ಬರೂ ಗಮನಿಸಿದರು. "ಏನು ಬರೆದಿದ್ದ ಗೊತ್ತಾ? ‘ಈಚೆಗೆ ಧ್ವನಿಯಲ್ಲಿ ಉತ್ಸಾಹ ಸಾಲದು.’ ಆಮ್ಲ, ಪ್ರತ್ಯಾಮ್ಲ, ಲವಣ. ಅದನ್ನ ಯಾವ ಉತ್ಸಾಹದಲ್ಲಿ ಓದಬೇಕು? ಕುಣಿದುಕೊಂಡು ಓದಬೇಕಾ? ಫ್ಯಾನಿಲ್ಲದ ಕೋಣೆಲಿ ಸೀರೆ ಮೈಗೆ ಅಂಟಿಕೊಂಡಿತ್ತು. ಆಗ ಅಪ್‌ಡೇಟ್ ಮಾಡಲಾ ಅಂತ ಕೇಳಿತು. ಮಾಡು ಅಂದೆ. ಅರ್ಧ ಗಂಟೆ ಕಾಲು ಚಾಚಬಹುದಲ್ಲ ಅಂತ. ಶೇಕಡಾ ಮೂವತ್ತೈದಕ್ಕೆ ಬಂದು ನಿಂತುಬಿಡ್ತು. ನಲವತ್ತು ನಿಮಿಷ ಮೂವತ್ತೈದೇ. ಅದು ಕೆಟ್ಟೇ ಹೋಯ್ತು ಅಂತ ನನಗೆ ಎಂಥ ಖುಷಿ ಆಯ್ತು ಅಂದ್ರೆ, ಕುರ್ಚಿಯಲ್ಲೇ ನಕ್ಕೆ. ಆಮೇಲೆ ನೋಡ್ತೀನಿ, ಮೂವತ್ತಾರು ಅಂತ ಬಂತು."

ಅಕ್ಕನ ದನಿ ಏರಿತ್ತು.

"ಮೂವತ್ತಾರು ಕಣೇ! ನೆತ್ತಿಗೇರಿತು. ಗುಂಡಿ ಒತ್ತಿ ಹಿಡಿದೆ, ಅದು ಉಸಿರು ಬಿಡೋವರೆಗೂ. ಮತ್ತೆ ಎದ್ದಿತು. ಮತ್ತೆ ಒತ್ತಿದೆ. ಮೂರನೇ ಸಲ ಒತ್ತಿದ ಮೇಲೆ ನೆನಪಾಯ್ತು, ಮಕ್ಕಳ ಪಾಠ ಒಳಗಿದೆ ಅಂತ. ಕೈಕಾಲು ತಣ್ಣಗಾಯ್ತು. ಇವರಿಗೆ ಸಂಜೆಯೇ ಹೇಳಿದೆ."

"ನಾನು ಇವರಿಗೆ ಬೈಯುವಾಗ ಯಾಕೆ ಸುಮ್ಮನಿದ್ದೆ ಹಾಗಾದ್ರೆ? ಬೆಳಗ್ಗೆಯೇ ಹೇಳೋಕೆ ಏನಾಗಿತ್ತು ನಿನಗೆ?" ಫ್ಯೂಸಮ್ಮ ಎದ್ದು ನಿಂತಳು.

"ಹೇಳೋಕೆ ಬಾಯಿ ತೆಗೆದೆ. ನಿನ್ನ ಬಾಯಿ ಮುಚ್ಚಿದ್ರೆ ತಾನೆ?" ಅಕ್ಕನೂ ಒಂದು ಹೆಜ್ಜೆ ಮುಂದೆ ಬಂದಳು. "ಚಿಕ್ಕವಳಿದ್ದಾಗಿಂದ ನಿನ್ನ ಸಿಟ್ಟಿಗೆ ಎಲ್ಲರೂ ಜಾಗ ಬಿಟ್ರು. ಅವಳಿಗೆ ಸಿಟ್ಟು ಜಾಸ್ತಿ, ನೀನು ದೊಡ್ಡವಳು, ನೀನು ಸುಮ್ಮನಿರು. ಸುಮ್ಮನಿದ್ದೆ. ಕಚೇರಿಲಿ ಕಂಡವರೆಲ್ಲ ಅಮ್ಮ ಅಕ್ಕ ಅಂತ ಬೈದ್ರೂ ದಯವಿಟ್ಟು ಕಾಯಿರಿ ಅಂದೆ. ಮನೆಯಲ್ಲಿ ನಿನ್ನದೇ ತುಂಬಿರುತ್ತೆ, ನನ್ನ ಸಿಟ್ಟು ಎಲ್ಲಿಡಲಿ? ಸಿಟ್ಟಿನ ಗುತ್ತಿಗೆ ನಿನಗೊಬ್ಬಳಿಗೇ ಬರೆದುಕೊಟ್ಟಿದ್ದಾರಾ?"

ಎದ್ದು ನಿಂತಿದ್ದ ಫ್ಯೂಸಮ್ಮ ಮತ್ತೆ ಕೂತಳು.

ಅಷ್ಟರಲ್ಲಿ ಅಕ್ಕನ ಫೋನು ಬಡಿದುಕೊಂಡಿತು. ಕಾರ್ಯದರ್ಶಿಯೇ. ಅಕ್ಕ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಮೇಡಂ, ಎಂಟನೇದು ಇವತ್ತು ಕೊಡ್ತೀನಿ ಅಂದಿದ್ರಿ. ಭಾನುವಾರ ಅಂತ ರಜೆ ತಗೊಂಡುಬಿಟ್ರಾ ಹೇಗೆ? ಹೆ ಹೆ. ಉಳಿದ ನಾಲ್ಕು ಪಾಠ ಬುಧವಾರದೊಳಗೆ ಬೇಕಲ್ಲ. ಆಮೇಲೆ ಒಂದು ಭೂಗೋಳದ ಪುಸ್ತಕವೂ ಬಂದಿದೆ, ನಿಮಗೇ ಅಂತ ಎತ್ತಿಟ್ಟಿದ್ದೀನಿ."

"ಎಂಟನೇ ಪಾಠ ಮೊದಲು ಹೇಗೆ ಓದಿದ್ದೀನೋ ಹಾಗೇ ಬರುತ್ತೆ" ಅಂದಳು ಅಕ್ಕ.

"ಅಯ್ಯೋ, ಅದರಲ್ಲಿ ಉತ್ಸಾಹ…"

"ರೀ, ಕೇಳಿಲ್ಲಿ." ಆ ದನಿಗೆ ಭಾವ ಕೆನ್ನೆಯ ಮೇಲಿನ ಬಟ್ಟೆ ಕೆಳಗಿಳಿಸಿದ. "ಒಂಬತ್ತು ವರ್ಷದಲ್ಲಿ ಅರವತ್ತೆರಡು ಪುಸ್ತಕ ಓದಿದ್ದೀನಿ. ಒಂದು ದಿನ ಊಟ ಆಯ್ತಾ ಅಂತ ಕೇಳಿದ್ದೀರಾ? ಗಂಟಲು ಕಟ್ಟಿ ಹದಿನೈದು ದಿನ ಮಲಗಿದ್ದಾಗ ಏನಂದ್ರಿ? ಹುಷಾರಾದ ತಕ್ಷಣ ಬಾಕಿ ಮುಗಿಸಿ ಅಂದ್ರಿ. ನನ್ನ ಕೈಯಲ್ಲಿ ಓದಿಸೋರು ನೀವು, ವೇದಿಕೆ ಮೇಲೆ ಹಾರ ಹಾಕಿಸಿಕೊಳ್ಳೋರು ನೀವು. ನಾನು ನಿಮ್ಮ ಮನೆ ಆಳಾ?"

"ಮೇಡಂ, ಕೋಪ ಮಾಡ್ಕೋಬೇಡಿ. ಇದು ಸೇವೆ ಅಲ್ವಾ? ಆ ಮಕ್ಕಳ ಮುಖ ನೋಡಿ…"

"ಆ ಮಕ್ಕಳ ಹೆಸರು ನಿಮ್ಮ ಬಾಯಲ್ಲಿ ತರಬೇಡಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ಹನ್ನೊಂದು ಪಾಠ ನಾಳೆ ಅವರ ಶಾಲೆಗೇ ಹೋಗುತ್ತೆ, ನಿಮ್ಮ ಕೈಗಲ್ಲ. ಉಳಿದ ನಾಲ್ಕು ನೀವೇ ಓದಿ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಉತ್ಸಾಹದಿಂದ ಓದಿ. ಚೆನ್ನಾಗಿಲ್ಲದಿದ್ರೆ ನಾನು ವಾಪಸು ಕಳಿಸ್ತೀನಿ."

ಫೋನು ಇಟ್ಟಳು. ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದು, "ಸಕ್ಕರೆ ಹಾಕೋದೇ ಮರೆತಿದ್ದೀನಿ, ಹೇಳಬಾರದಾ ಇಬ್ಬರೂ?" ಅಂತ ಅವರಿಬ್ಬರಿಗೂ ಸೇರಿಸಿ ಗದರಿದಳು.

ಸೋಮವಾರ ಫ್ಯೂಸಮ್ಮ ಅರ್ಧ ದಿನ ರಜೆ ಹಾಕಿ ಪೆನ್‌ಡ್ರೈವು ಹಿಡಿದು ಶಾಲೆಗೆ ಹೋದಳು. ರಸಾಯನಶಾಸ್ತ್ರದ ಮೇಷ್ಟ್ರಿಗೂ ಕಣ್ಣು ಕಾಣದು. ಅವರು ಪೆನ್‌ಡ್ರೈವನ್ನು ಬೆರಳಲ್ಲಿ ಸವರಿ, ತಮ್ಮ ಯಂತ್ರಕ್ಕೆ ಸಿಕ್ಕಿಸಿ ಕೇಳಿದರು. ಅಕ್ಕನ ದನಿ ಇಲಿಮರಿಯ ಹಾಗೆ ಚಿಕ್ ಚಿಕ್ ಅಂತ ಓಡಿತು. ಫ್ಯೂಸಮ್ಮನಿಗೆ ಗಾಬರಿಯಾಯಿತು. "ಏನೋ ಕೆಟ್ಟಿದೆ ಸರ್!"

"ಏನೂ ಕೆಟ್ಟಿಲ್ಲಮ್ಮ. ನಾವೆಲ್ಲ ಎರಡರಷ್ಟು ವೇಗದಲ್ಲೇ ಕೇಳೋದು. ಅಷ್ಟು ಪುಸ್ತಕ ನಿಧಾನಕ್ಕೆ ಕೇಳ್ತಾ ಕೂತ್ರೆ ಪರೀಕ್ಷೆ ಮುಗಿದೇ ಹೋಗುತ್ತೆ. ಈ ಮೇಡಂ ಓದು ಎಷ್ಟು ಓಡಿಸಿದ್ರೂ ಅಕ್ಷರ ಬಿಡಿಬಿಡಿಯಾಗಿರುತ್ತೆ. ಬೇರೆಯವರದು ಗಂಜಿಯಾಗಿಬಿಡುತ್ತೆ."

"ಉತ್ಸಾಹ ಸಾಲದು ಅಂತ ಯಾರೋ ಅಂದರಂತೆ."

ಮೇಷ್ಟ್ರು ಗಟ್ಟಿಯಾಗಿ ನಕ್ಕರು. "ಎರಡರಷ್ಟು ಓಡಿಸಿದ್ರೆ ಎಲ್ಲರಿಗೂ ಉತ್ಸಾಹ ಬರುತ್ತೆ."

ಈ ಮಾತನ್ನು ಅವಳು ಶಾಲೆಯ ಗೇಟಿನಿಂದಲೇ ಅಕ್ಕನಿಗೆ ಫೋನು ಮಾಡಿ ಹೇಳಿದಳು. ಅಕ್ಕ ಮೊದಲು ನಕ್ಕಳು. ಆಮೇಲೆ, "ಒಂಬತ್ತು ವರ್ಷ ಬೇಕಾಯ್ತಾ ಇದು ನನ್ನ ಕಿವಿಗೆ ಬೀಳೋಕೆ? ಆ ಕಾರ್ಯದರ್ಶಿಗೆ ಗೊತ್ತಿರಲಿಲ್ವಾ?" ಅಂತ ಸಿಡಿದಳು. 

ಕಾರ್ಯದರ್ಶಿ ಎರಡು ಪಾಠ ನಿಜಕ್ಕೂ ಓದಿದ. ಎರಡನ್ನೂ ಮೇಷ್ಟ್ರು, ಅಕ್ಷರ ಗಂಜಿಯಾಗುತ್ತಿದೆ ಎಂಬ ಟಿಪ್ಪಣಿ ಹಾಕಿ ಹಿಂದಿರುಗಿಸಿದರು. ಕೊನೆಗೆ ಸಂಸ್ಥೆಯವರು ಇನ್ನಿಬ್ಬರು ಓದುಗರನ್ನು ಹುಡುಕಿಕೊಂಡರು. ಪರೀಕ್ಷೆಗೆ ನಾಲ್ಕು ದಿನ ಮುಂಚೆ ಪುಸ್ತಕ ಮುಗಿಯಿತು. ಅಕ್ಕ ಮೂರು ತಿಂಗಳು ಮೈಕು ಮುಟ್ಟಲಿಲ್ಲ. ಆಮೇಲೆ ಮೇಷ್ಟ್ರ ಜೊತೆ ನೇರವಾಗಿ ಮಾತಾಡಿ, ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ ಅಂತ ಗೊತ್ತುಮಾಡಿಕೊಂಡಳು. ಕಿಟಕಿಗೆ ಒರಗಿಸಿದ್ದ ಹಾಸಿಗೆಯನ್ನು ಆ ನಾಲ್ಕು ಗಂಟೆ ಬಿಟ್ಟರೆ ಮಂಚದ ಮೇಲೇ ಇಡುತ್ತಾಳೆ.

ಆದರೆ ಒಮ್ಮೆ ತೆರೆದ ಬಾಯಿ ಪೂರ್ತಿ ಮುಚ್ಚಲಿಲ್ಲ. ಲಿಫ್ಟಿನೊಳಗೆ ಸಿಗರೇಟು ಹಚ್ಚಿದವನನ್ನು ಅಕ್ಕ ತಮ್ಮ ಎರಡನೇ ಮಹಡಿಯಲ್ಲೇ ಇಳಿಸಿ ಮೆಟ್ಟಿಲು ಹತ್ತಿಸಿದಳು. ಫಾರ್ಮ್ಯಾಟ್ ಹೊಡಿಬೇಕು ಅಂದಿದ್ದ ಅಂಗಡಿಯವನಿಗೆ ಹೋಗಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನೋದು ಕಲಿ ಅಂದು ಬಂದಳು. ಭಾವ ತಿಂಗಳಿಗೊಮ್ಮೆ ಫ್ಯೂಸಮ್ಮನಿಗೆ ಫೋನು ಮಾಡಿ ದೂರು ಹೇಳುತ್ತಾನೆ. ಅವಳು ಪೂರ್ತಿ ಕೇಳುತ್ತಾಳೆ, ನಡುವೆ ಬಾಯಿ ಹಾಕುವುದಿಲ್ಲ. ಅದು ಅವಳಿಗೆ ಸುಲಭದ ಕೆಲಸವಲ್ಲ.

ಈಚೆಗೆ ಒಂದು ಭಾನುವಾರ ಅಕ್ಕತಂಗಿಯರಿಬ್ಬರೂ ಕೂತು ಆಸ್ಪತ್ರೆಯ ಆಡಳಿತಾಧಿಕಾರಿಗೆ ಒಂದು ಅರ್ಜಿ ಬರೆದರು, ಎಂಟು ವರ್ಷದ ಹಿಂದಿನ ವಿಚಾರಣೆಯನ್ನು ಮತ್ತೆ ತೆರೆಯಬೇಕು ಅಂತ. ಫ್ಯೂಸಮ್ಮ ಬರೆದ ಮೊದಲ ಕರಡು ಬೈಗುಳದಿಂದ ಶುರುವಾಗಿ ಬೈಗುಳದಲ್ಲೇ ಮುಗಿದಿತ್ತು. ಅಕ್ಕ ಅದನ್ನು ಗಟ್ಟಿಯಾಗಿ ಓದಿದಳು, ಬೈಗುಳವನ್ನೆಲ್ಲ ಹೊಡೆದುಹಾಕಿದಳು, ಒಂದನ್ನು ಮಾತ್ರ ಹಾಗೇ ಉಳಿಸಿದಳು. ಅರ್ಜಿ ಹೋಗಿ ಆರು ವಾರವಾಗಿದೆ. ಉತ್ತರ ಇನ್ನೂ ಬಂದಿಲ್ಲ.